ಬಿಚ್ಚದ ಮುಷ್ಟಿ

ಅಣ್ಣನ ಹೊಟ್ಟೆಯೊಳಗೆ ಕರುಳು ತಿರುಚಿಕೊಂಡಿತ್ತು. ತಕ್ಷಣ ಆಪರೇಷನ್ ಮಾಡದಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದರು. ಸ್ಟ್ರೆಚರ್ ಬಾಗಿಲಲ್ಲಿ ಬಂದು ನಿಂತಿತ್ತು. ಅವನೋ, ಕೊರಳ ಸರದಲ್ಲಿದ್ದ ತಿಜೋರಿಯ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದವನು ಬಿಡಲೊಲ್ಲ.

"ಮೈಮೇಲೆ ಏನೂ ಇರಬಾರದು ಸಾರ್. ನಮ್ಮ ಲಾಕರಲ್ಲಿ ಇಡ್ತೀವಿ," ಎಂದಳು ನರ್ಸು.

"ಆ ಲಾಕರ್ ಕೀ ಯಾರ ಹತ್ರ ಇರತ್ತೆ?"

"ನನ್ನ ಹತ್ರಾನೇ."

"ನೀನು ಯಾರಮ್ಮ?"

ನನಗೆ ಪಿತ್ತ ನೆತ್ತಿಗೇರಿತು. "ಅತ್ತಿಗೆ ಕೈಗೆ ಕೊಡಣ್ಣ. ಮದ್ವೆ ಆದಾಗಿಂದ ನಿನ್ನ ಚಾಕರಿ ಮಾಡ್ತಿದ್ದಾರೆ."

"ಅವಳಾ? ಕೇಳಿದೋರಿಗೆಲ್ಲ ಎತ್ತಿ ಕೊಟ್ಬಿಡ್ತಾಳೆ."

"ಹಾಗಾದ್ರೆ ನನಗೆ ಕೊಡು."

ಅವನು ಗೋಡೆಯತ್ತ ತಿರುಗಿದ. ಬಣ್ಣದಂಗಡಿ ನಡೆಸಿ ಕೂಡಿಹಾಕಿದ್ದೆಲ್ಲ ಆ ತಿಜೋರಿಯಲ್ಲಿತ್ತು. ಅದರ ಒಳಗನ್ನು ಇನ್ನೊಬ್ಬರು ಕಂಡಿರಲಿಲ್ಲ.

ಅತ್ತಿಗೆ ತಮ್ಮ ಸತ್ಯವೇದವನ್ನು ದಿಂಬಿನ ಪಕ್ಕ ಇಟ್ಟರು. "ಇದರೊಳಗೆ ಇಡಿ. ದೇವರು ನೋಡ್ಕೋತಾನೆ."

"ಇದಕ್ಕೆ ಬೀಗ ಇದ್ಯಾ?" ಎಂದ. ಅಷ್ಟು ನೋವಿನಲ್ಲೂ ನಾಲಗೆಯ ಕೊಂಕು ಹೋಗಿರಲಿಲ್ಲ.

"ಬೀಗ ಇಲ್ದೇನೇ ಇಷ್ಟು ದಿನ ನಮ್ಮನ್ನ ಕಾಪಾಡಿದ್ದಾನೆ."

"ಕಾಪಾಡಿದ್ದು ನಾನು ಕಣೇ. ನಿನ್ನ ದೇವರು ಒಂದು ದಿನಾನಾದ್ರೂ ಬಂದು ಅಂಗಡಿ ಬಾಗಿಲು ತೆಗ್ದಿದ್ದಾನಾ?"

ಅತ್ತಿಗೆ ಅವನ ಪಾದ ಹಿಡಿದು ಕೂತರು.

"ಯೋಚಿಸಿ ಹೇಳ್ತೀನಿ," ಎಂದ. ನಾನು ಕೂಗಾಡಿದೆ, ಬಾಯಿಗೆ ಬಂದಂತೆ ಬೈದೆ. ಒಪ್ಪದವನನ್ನು ಬಲವಂತವಾಗಿ ಕೊಯ್ಯುವುದಕ್ಕಾಗುವುದಿಲ್ಲ ಎಂದರು ಡಾಕ್ಟರು. ಸ್ಟ್ರೆಚರ್ ಬೇರೆ ರೋಗಿಗೆ ಹೋಯಿತು. ಅವನು ಯೋಚಿಸುತ್ತಲೇ ಇದ್ದ. ದೀಪ ಹಾಕುವ ಹೊತ್ತಿಗೆ ಉಸಿರು ನಿಂತಿತು.

ಪೆಟ್ಟಿಗೆಯಲ್ಲಿ ಮಲಗಿಸುವಾಗ ಪಾದ್ರಿಗಳು ಅವನ ಕೈಗಿಡಲು ಮರದ ಶಿಲುಬೆ ಕೊಟ್ಟರು. ಮುಷ್ಟಿ ಮರಗಟ್ಟಿತ್ತು. ಸರವನ್ನೇನೋ ಕತ್ತರಿಸಿ ತೆಗೆದಿದ್ದರು, ಕೀಲಿಕೈ ಒಳಗೇ ಇತ್ತು. ನಾನು ಅವನ ಬೆರಳುಗಳನ್ನು ಮೀಟತೊಡಗಿದೆ. ಆ ಸಿಟ್ಟಿನಲ್ಲಿ ಮುರಿದೇಬಿಡುತ್ತಿದ್ದೆ.

"ಬಿಡಪ್ಪ, ನೋವಾಗತ್ತೆ," ಎಂದರು ಅತ್ತಿಗೆ.

"ಸತ್ತೋರಿಗೆ ಎಂಥ ನೋವು ಅತ್ತಿಗೆ? ಕೀ ಬೇಡ್ವಾ? ನಾಳೆ ಏನು ತಿಂತೀರಿ?"

"ನಾಳೆ ಅನ್ನೋದನ್ನ ದೇವರ ಕೈಗೆ ಕೊಟ್ಟಿದ್ದೀನಿ. ಕೀ ನಿಮ್ಮಣ್ಣನ ಹತ್ರಾನೇ ಇರ್ಲಿ."

ಅವನ ಇನ್ನೊಂದು ಕೈಯನ್ನು ಅವರೇ ಮುಷ್ಟಿಯ ಮೇಲಿಟ್ಟರು. ಮುಚ್ಚಳ ಬಿತ್ತು. ಶಿಲುಬೆ ಅತ್ತಿಗೆಯ ಕೈಯಲ್ಲೇ ಉಳಿಯಿತು.

ಮಣ್ಣು ಮಾಡಿ ಬಂದ ಮೇಲೆ ನಾನು ಸುತ್ತಿಗೆ ಹಿಡಿದು ತಿಜೋರಿಯ ಮುಂದೆ ಕೂತೆ. ಒಳಕೋಣೆಯಲ್ಲಿ ಅತ್ತಿಗೆ ಪ್ರಾರ್ಥಿಸುತ್ತಿದ್ದರು. ನಡುವೆ ನನ್ನ ಹೆಸರೂ ಕೇಳಿಸಿತು. ಸುತ್ತಿಗೆ ಎತ್ತಲು ಹೋದವನು ಹಿಡಿಯ ಕಡೆ ನೋಡಿದೆ. ಅದನ್ನು ಬಿಗಿದ ಬೆರಳುಗಳು ಥೇಟ್ ಅಣ್ಣನವೇ.