ಸವಳು ನೀರು

ಅಪ್ಪ ಅವ್ವ ಇಬ್ಬರೂ ಪ್ಲೇಗಿನಲ್ಲಿ ಹೋದ ಮೇಲೆ ಕಮತಗಿಯ ಹುಚ್ಚೇಶನನ್ನು ಸಾಕಿದವಳು ಅಕ್ಕ ಲಕ್ಕವ್ವ. ಗಂಡ ಸತ್ತ ಅವಳಿಗೆ ಇದ್ದದ್ದು ಕರಿಮಣ್ಣಿನ ಒಂದೇ ಎರಿಹೊಲ. ಅದರ ಜೋಳ ಮಾರಿ ತಮ್ಮನನ್ನು ಬಾಗಲಕೋಟೆಯಲ್ಲಿ ಓದಿಸಿದಳು, ಪುಣೆಗೂ ಕಳಿಸಿದಳು.

ಹುಚ್ಚೇಶ ಸಸ್ಯಶಾಸ್ತ್ರ ಕಲಿತು ಸರಕಾರಿ ನೌಕರಿ ಹಿಡಿದ. ಬೇರು ನೀರನ್ನು ಹೇಗೆ ಕುಡಿಯುತ್ತದೆ ಎಂಬುದೇ ಅವನ ಅಭ್ಯಾಸ. ಎಷ್ಟು ಉಪ್ಪಿನವರೆಗೆ ಜೋಳದ ಬೇರು ತಡೆದೀತು ಎಂದು ಅವನು ನೋಡಬೇಕಿತ್ತು. ಅದಕ್ಕೆ ಒಳ್ಳೆಯ ನೆಲವೊಂದನ್ನು ವರ್ಷದಿಂದ ವರ್ಷಕ್ಕೆ ಸವಳು ಮಾಡಬೇಕು. ಸರಕಾರದ ನೆಲ ಕೆಡಿಸುವ ಹಾಗಿಲ್ಲ ಎಂದರು ಸಾಹೇಬರು. ಆಗ ಅವನಿಗೆ ಅಕ್ಕನ ಹೊಲ ನೆನಪಾಯಿತು.

‘ಪಕ್ಕದ ಹಾಳುಬಾವಿ ನೀರು ಹಾಯಿಸಿ ನೋಡಬೇಕಾಗೇತಿ ಅಕ್ಕಾ. ನೆಲಕ್ಕ ಗುಣ ಬರ್ತೈತಿ.’

ಗುಣ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಪಾಲಿಗೆ ಉಳುತ್ತಿದ್ದ ಗಾಳೆಪ್ಪ ಆ ಬಾವಿಯ ನೀರೆತ್ತಲು ಎತ್ತು ಹೂಡಲು ಒಪ್ಪಲಿಲ್ಲ. ‘ಈ ಸವಳು ನೀರು ದನಾ ಸುದ್ದಾ ಮೂಸಂಗಿಲ್ಲ ಅಕ್ಕಾರ. ಹೊಲ ಹಾಳಾಕ್ಕೈತಿ.’

‘ಸಾಲಿ ಕಲ್ತಾಂವ ನೀನೋ, ನನ್ನ ತಮ್ಮನೋ?’ ಎಂದು ಲಕ್ಕವ್ವ ತಾನೇ ಎತ್ತಿನ ಹಗ್ಗ ಹಿಡಿದಳು. ಹುಚ್ಚೇಶ ತಲೆ ತಗ್ಗಿಸಿ ತನ್ನ ಸಾಲುಗಳನ್ನು ಗುರುತು ಮಾಡುತ್ತ ನಿಂತಿದ್ದ.

ಮೊದಲ ವರ್ಷ ಜೋಳ ಗಿಡ್ಡಾಯಿತು. ಮರುವರ್ಷ ಎಲೆಯ ಅಂಚು ಸುಟ್ಟುಹೋಯಿತು. ಅಕ್ಕ ಕೇಳಿದಾಗಲೆಲ್ಲ ಇನ್ನೊಂದು ವರ್ಷ ತಡಿ ಎಂದ. ಮೂರನೆಯ ವರ್ಷ ನೆಲದ ಮೇಲೆ ಉಪ್ಪಿನ ಬಿಳಿ ಪದರ ಕಟ್ಟಿತು. ಮಳೆಯ ನೀರು ಕೆಳಗಿಳಿಯದೆ ನಿಂತಲ್ಲೇ ನಾರಿತು. ಅಷ್ಟರಲ್ಲಿ ಹುಚ್ಚೇಶನ ಪ್ರಬಂಧ ಪುಣೆಯಲ್ಲಿ ಮೆಚ್ಚುಗೆ ಪಡೆದಿತ್ತು, ಬಡ್ತಿಯೂ ಬಂದಿತ್ತು. ಸುದ್ದಿ ಹೇಳಲು ಊರಿಗೆ ಬಂದ.

ಲಕ್ಕವ್ವ ಬದುವಿನ ಮೇಲೆ ಕೂತಿದ್ದಳು. ‘ಹಿಂಗಾಕ್ಕೈತಿ ಅಂತ ನಿನಗ ಗೊತ್ತಿತ್ತೇನು?’

‘ಗೊತ್ತಿತ್ತು.’

‘ಗೊತ್ತಿದ್ದೂ ನನ್ನ ಕೈಲೇ ಎತ್ತು ಹೊಡಿಸಿದಿ.’ ಅವಳ ದನಿ ಏರಲಿಲ್ಲ. ‘ಹೋಗ್ಲಿ. ಯಾವ ದಂಟರೆ ಬದುಕಿದ್ವೇನು?’

‘ಒಂದು ನಾಕು ಬದುಕಿದ್ವು.’

‘ಅವುಗಳ ಬೀಜರೆ ಕೊಡು. ಈ ನೆಲದಾಗ ಅವಾದ್ರೂ ಬಂದಾವು.’

‘ತೆನಿ ಕಟ್ಟೂಕಿಂತ ಮೊದ್ಲ ಬೇರು ಸಮೇತ ಕಿತ್ತು ಸುಟ್ಟೆ ಅಕ್ಕಾ. ಒಳಗ ಎಷ್ಟು ಉಪ್ಪು ಹೋಗೈತಿ ಅಂತ ಬೂದ್ಯಾಗ ನೋಡಬೇಕಿತ್ತು.’

‘ಬದುಕಿದ್ದನ್ನೂ ಸುಟ್ಟಿ,’ ಎಂದಳು ಲಕ್ಕವ್ವ. ಎದ್ದು ಸೀರೆಗೆ ಅಂಟಿದ ಬಿಳಿ ಮಣ್ಣು ಜಾಡಿಸಿಕೊಂಡು ನಡೆದಳು. ಆ ವಾರವೇ ಮನೆಗೆ ಬೀಗ ಜಡಿದು ಇಳಕಲ್ಲಿಗೆ ಹೋಗಿ, ಮಗ್ಗ ಇಟ್ಟುಕೊಂಡಿದ್ದ ದೌಲತಬಿಯ ಮನೆಯಲ್ಲಿ ನೂಲು ಸುತ್ತುವ ಕೂಲಿಗೆ ನಿಂತಳು. ಅವಳು ಹೋದಳೆಂದು ಕೇಳಿ ಹುಚ್ಚೇಶನಿಗೆ ಎದೆ ಹಗುರಾಯಿತು. ಇನ್ನು ಆ ಹೊಲದ ಮುಂದೆ ನಿಂತು ಯಾರಿಗೂ ಉತ್ತರ ಕೊಡಬೇಕಿರಲಿಲ್ಲ.

ಇಲಾಖೆಯಲ್ಲಿ ಮೇಲೇರಿ, ಪುಣೆಯಲ್ಲಿ ಬಂಗಲೆ, ಆಳುಕಾಳು ಎಲ್ಲ ಆದ ಮೇಲೆ, ಅಕ್ಕನನ್ನು ಕೂಲಿಗೆ ಬಿಟ್ಟವನೆಂದು ಬಳಗದವರು ಆಡಿಕೊಳ್ಳತೊಡಗಿದರು. ಒಂದು ಮಧ್ಯಾಹ್ನ ಟಾಂಗಾ ಮಾಡಿಕೊಂಡು ಇಳಕಲ್ಲಿಗೆ ಬಂದ. ಪಡಸಾಲೆಯಲ್ಲಿ ರಾಟಿ ತಿರುಗುತ್ತಿತ್ತು.

‘ಅಕ್ಕಾ, ಪುಣೆಕ್ಕ ನಡಿ.’

ಲಕ್ಕವ್ವ ಅವನ ಕೋಟು, ಬೂಟು ನೋಡಿದಳು. ಆಮೇಲೆ ಒಳಗೆ ಮುಖ ಮಾಡಿ, ‘ದೌಲತಬಿ, ಯಾರೋ ಸಾಹೇಬ್ರು ಬಂದಾರ. ಸೀರಿ ನೋಡಾಕ ಬಂದಿರಬೇಕು, ತೋರ್ಸವ್ವಾ,’ ಎಂದು ಮತ್ತೆ ರಾಟಿ ತಿರುಗಿಸಿದಳು.

ದೌಲತಬಿ ಚಾಪೆ ಹಾಸಿ ಸೀರೆ ಹರಡಿದಳು. ಹುಚ್ಚೇಶ ಬೂಟು ಕಳಚಿ ಚಾಪೆಯ ಮೇಲೆ ಕೂತ. ಹೆಂಡತಿಗೆಂದು ಒಂದು ಸೀರೆ ಆರಿಸಿ ಟಾಂಗಾ ಹತ್ತಿದ.