ಬಾಕಿ ಉಳಿದ ಪುಟ

ಎರ್ಮೆಕ್ ಅಳುವುದನ್ನು ಅರ್ಧಕ್ಕೇ ನಿಲ್ಲಿಸಿ, ವ್ಯಾನಿನಿಂದ ಇಳಿಯುತ್ತಿದ್ದವರನ್ನು ದಿಟ್ಟಿಸಿದ. ಹತ್ತು ಹನ್ನೊಂದು ಮಂದಿ. ಒಬ್ಬರ ಮುಖವೂ ಗೊತ್ತಿಲ್ಲ. ಆದರೂ ಅವರು ಪದ್ಧತಿಯಂತೆ ಬೇಲಿಯಾಚೆಯಿಂದಲೇ "ಅಯ್ಯೋ ನಮ್ಮಣ್ಣ" ಎಂದು ದನಿ ತೆಗೆದು ಬಂದರು. ಎರ್ಮೆಕ್ ಸಾವಿನ ಮನೆಯ ರೂಢಿಯ ಕೋಲಿಗೆ ಮತ್ತೆ ಒರಗಿ ಅತ್ತ. ಅವನ ಬೆನ್ನ ಹಿಂದೆ, ಸಾವಿಗೆಂದು ಹೂಡಿದ್ದ ಉಣ್ಣೆಗುಡಾರದಲ್ಲಿ ಅವನ ಅಣ್ಣ ಕೆರಿಮ್‌ಕುಲ್ ಪರದೆಯ ಮರೆಯಲ್ಲಿ ಮಲಗಿದ್ದ. ಮೊನ್ನೆ ಬೆಳಿಗ್ಗೆ ಚಹಾದ ಬಟ್ಟಲು ತುಟಿಗೆ ತಾಗುವ ಮೊದಲೇ ಹೋಗಿಬಿಟ್ಟಿದ್ದ. ಅತ್ತಿಗೆ ಬೆರ್ಮೆತ್ ಗೋಡೆಗೆ ಮುಖ ಮಾಡಿ ಹಾಡಿಕೊಂಡು ಅಳುತ್ತಿದ್ದಳು.

"ಎಲ್ಲಿಂದ ಬಂದ್ರಿ?" ಎಂದು ಎರ್ಮೆಕ್ ಗುಂಪಿನ ಮುದುಕನನ್ನು ಕೇಳಿದ.

"ತಲಾಸ್‌ನಿಂದ."

"ಅಣ್ಣನ ಪರಿಚಯ ಹೇಗೆ?"

"ಮುಖ ನೋಡಿದ್ದಿಲ್ಲ. ಶುಕ್ರವಾರ ಶುಕ್ರವಾರ ಓದ್ತಿದ್ವಿ."

ಪಕ್ಕದಲ್ಲಿ ನಿಂತಿದ್ದ ನೆರೆಮನೆಯ ದೋಲೋತ್ ಪಿಸುಗುಟ್ಟಿದ: "ನಿಮ್ಮಣ್ಣ ಕರೆಂಟ್ ಮೀಟರ್ ಓದೋನಲ್ವೇನೋ? ಅಷ್ಟು ದೂರದ ತಲಾಸ್‌ಗೂ ಬಿಲ್ಲು ಕಳಿಸ್ತಿದ್ನಾ?"

ಅಷ್ಟರಲ್ಲಿ ಇನ್ನೊಂದು ವ್ಯಾನು ಬಂತು. ಅದು ಓಶ್‌ನದು.

*

ಎರಡು ಚಳಿಗಾಲದ ಹಿಂದೆ ಇದೇ ಮನೆಯ ಒಲೆಯ ಪಕ್ಕ ಕೆರಿಮ್‌ಕುಲ್ ತನ್ನ ಮಗಳ ಮುಂದೆ ಶಾಲೆಯ ಹುಡುಗನಂತೆ ಕುಳಿತಿದ್ದ. ಝಿಬೆಕ್ ರಾಜಧಾನಿ ಬಿಷ್ಕೆಕ್‌ನ ಮುದ್ರಣಾಲಯವೊಂದರಲ್ಲಿ ಪುಟ ಜೋಡಿಸುವವಳು. ಮೂವತ್ತು ವರ್ಷ ಮನೆಮನೆಯ ಮೀಟರ್ ಓದಿದ್ದ ಕೆರಿಮ್‌ಕುಲ್, ಹೋದಲ್ಲೆಲ್ಲ ಅವರ ತಾತ ಮುತ್ತಾತರ ಹೆಸರನ್ನೂ ಕೇಳಿ ಬರೆದುಕೊಂಡಿದ್ದ. ಈಗ ಇಡೀ ಕುಲದ ವಂಶಾವಳಿ ಅವನ ಬಳಿಯಿತ್ತು. ಅಚ್ಚು ಹಾಕುವ ಪ್ರಕಾಶಕ ಇರಲಿಲ್ಲ.

"ದುಡ್ಡು ಕೇಳ್ಬೇಡಪ್ಪ, ಹೆಸರು ಕೇಳು," ಎಂದಳು ಝಿಬೆಕ್. "ನಿಮ್ಮಜ್ಜನ ಹೆಸರೇನು ಅಂತ ಕೇಳಿದ್ರೆ ಯಾರೂ ಬಾಗಿಲು ಹಾಕ್ಕೊಳಲ್ಲ. ನಮ್ಮೋರೆಲ್ಲ ಇರೋ ಒಂದು ವಾಟ್ಸಾಪ್ ಗುಂಪು ಮಾಡು. ಪ್ರತಿ ಶುಕ್ರವಾರ ಒಂದೇ ಪುಟ ಹಾಕು. ಪೂರ್ತಿ ಹಾಕಿದ್ರೆ ಪುಸ್ತಕ ಯಾರು ಕೊಳ್ತಾರೆ? ಪುಸ್ತಕಕ್ಕೆ ತಾವಾಗೇ ಮುಂಗಡ ಕೊಟ್ಟೋರಿಗೆ ಅವತ್ತೇ ಹೆಸರು ಹಿಡಿದು ಧನ್ಯವಾದ ಹೇಳು. ಹೇಳಿದ ದಿನಕ್ಕೆ ಪುಸ್ತಕ ಬರದಿದ್ರೆ ಅವ್ರು ಕೇಳೋಕೆ ಮುಂಚೆ ನೀನೇ ಹೇಳ್ಬಿಡು."

"ಮೂವತ್ತು ವರ್ಷ ನನ್ನ ಕಂಡು ಯಾರೂ ನಕ್ಕಿಲ್ಲ ಕಣೇ."

"ಈ ಸಲ ಮೀಟರ್ ನೋಡೋಕೆ ಬಂದಿಲ್ಲ ಅಂತ ಮೊದ್ಲೇ ಹೇಳು."

ಬಾಗಿಲಲ್ಲಿ ಬೂಟು ಕಳಚುತ್ತಿದ್ದ ಎರ್ಮೆಕ್ ಗಟ್ಟಿಯಾಗಿ ನಕ್ಕ. "ಪುಸ್ತಕಕ್ಕೆ ಭಿಕ್ಷೆನಾ ಅಣ್ಣ? ನಮ್ಮ ಏಳು ತಲೆಮಾರು ನಾನು ಬಾಯಲ್ಲೇ ಹೇಳ್ತೀನಿ, ನಂಗೆ ಪುಸ್ತಕ ಬೇಡ."

ಕೆರಿಮ್‌ಕುಲ್ ತಮ್ಮನನ್ನು ಒಂದು ಕ್ಷಣ ನೋಡಿ, ಒಲೆಗೆ ಕಲ್ಲಿದ್ದಲು ಹಾಕಿದ. ಆ ಶುಕ್ರವಾರ ಗುಂಪಿಗೆ ಮೊದಲ ಮಾತು ಬರೆದ: ಈ ಪುಸ್ತಕದಲ್ಲಿ ಒಂದೂ ಸುಳ್ಳು ಹೆಸರು ಇರುವುದಿಲ್ಲ.

ಎರ್ಮೆಕ್ ಆ ತಿಂಗಳೇ ಗುಂಪಿನಿಂದ ಹೊರಬಿದ್ದ. ಪುಸ್ತಕದ ಮಾತು ಅಲ್ಲಿಗೇ ಮುಗಿಯಿತೆಂದುಕೊಂಡಿದ್ದ.

*

ಹೆಣವನ್ನು ಅಂಗಳಕ್ಕೆ ತಂದರು. ಗಂಡಸರು ಸಾಲಾಗಿ ನಿಂತರು. ಪ್ರಾರ್ಥನೆಗೆ ಮೊದಲು ಸತ್ತವನ ಸಾಲವನ್ನು ಯಾರಾದರೂ ಹೊರಬೇಕು. ಕೆರಿಮ್‌ಕುಲ್‌ಗೆ ಗಂಡುಮಕ್ಕಳಿಲ್ಲ. ಎರ್ಮೆಕ್ ಮುಂದೆ ಬಂದ.

"ನಮ್ಮಣ್ಣ ಯಾರಿಗಾದ್ರೂ ಏನಾದ್ರೂ ಕೊಡೋದಿದ್ರೆ ಈಗ್ಲೇ ಹೇಳಿ. ಅದು ನನ್ನ ಸಾಲ."

ಈ ಮಾತಿಗೆ ಸಾಮಾನ್ಯವಾಗಿ ಯಾರೂ ಉತ್ತರಿಸುವುದಿಲ್ಲ. ಮುಲ್ಲಾ ಆಗಲೇ ಕೈಯೆತ್ತಿದ್ದ.

"ನಂಗೊಂದು ಪುಸ್ತಕ ಬರ್ಬೇಕು," ಎಂದ ತಲಾಸ್‌ನ ಮುದುಕ. ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿತ್ತು.

"ನಂಗೂ," ಎಂದ ಹಿಂದಿನ ಸಾಲಿನವನೊಬ್ಬ.

"ನಂಗೆರಡು."

"ಒಂದೇ ಪುಟ ಬಾಕಿ, ಒಂದೇ ಪುಟ ಬಾಕಿ ಅಂತ ಹನ್ನೊಂದು ತಿಂಗಳಿಂದ ಹೇಳ್ತಿದ್ರು," ಎಂದ ಇನ್ನೊಬ್ಬ. "ಕಲ್ಲಲ್ಲಿ ಕೆತ್ತಿಸ್ತಿದ್ದಾರಾ ಅಂತ ತಮಾಷೆ ಮಾಡಿದ್ದೆ ನಾನು. ಕ್ಷಮಿಸ್ಬೇಕು."

ಕೈಗಳು ಏಳುತ್ತಲೇ ಹೋದವು. ಅಂಗಳದ ಅರ್ಧದಷ್ಟು ಜನ ಕೈಯೆತ್ತಿ ನಿಂತಿದ್ದರು. ಮುಲ್ಲಾ ಅವನತ್ತ ನೋಡಿದ. "ಹೊರ್ತೀಯಾ?"

"ಹೊರ್ತೀನಿ. ನಲವತ್ತನೇ ದಿನದ ಊಟಕ್ಕೆ ಪುಸ್ತಕ ಎಲ್ಲರ ಕೈಲಿರುತ್ತೆ."

ಗುಡಾರದ ಬಾಗಿಲಲ್ಲಿ ನಿಂತಿದ್ದ ಝಿಬೆಕ್ ತಟ್ಟನೆ ಬಾಗಿಲ ಕಂಬ ಹಿಡಿದುಕೊಂಡಳು.

*

ಮಣ್ಣು ಮಾಡಿ ಗುಡ್ಡದಿಂದ ಇಳಿದು ಬಂದಾಗ ಅವಳು ಎರ್ಮೆಕ್‌ನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದಳು. ಒಂದು ಕೈಯಲ್ಲಿ ಅಪ್ಪನ ಫೋನು, ಇನ್ನೊಂದರಲ್ಲಿ ಎರಡು ಹಾಳೆ.

"ಪುಸ್ತಕ ಸಿದ್ಧ ಇದೆ ಚಿಕ್ಕಪ್ಪ. ಈ ಎರಡರಲ್ಲಿ ಯಾವ್ದು ಅಚ್ಚಿಗೆ ಹೋಗ್ಬೇಕು ಅಂತ ಅಪ್ಪ ಹೇಳ್ಲೇ ಇಲ್ಲ. ಇದ್ದದ್ದು ಬರೆದ್ರೆ ತಮ್ಮ ಹೋಗ್ತಾನೆ, ಬರೀದಿದ್ರೆ ಗುಂಪಿಗೆ ಕೊಟ್ಟ ಮಾತು ಹೋಗುತ್ತೆ ಅಂತಿದ್ರು."

ಮೊದಲ ಹಾಳೆಯಲ್ಲಿ ಹೀಗಿತ್ತು: ಬೈಝಾಕ್‌ನ ಮಕ್ಕಳು, ಕೆರಿಮ್‌ಕುಲ್ ಮತ್ತು ಎರ್ಮೆಕ್.

ಎರಡನೆಯದರಲ್ಲಿ ಎರ್ಮೆಕ್‌ನ ಹೆಸರಿನ ಕೆಳಗೆ ಇನ್ನೂ ಮೂರು ಸಾಲುಗಳಿದ್ದವು. ೧೯೭೧ರಲ್ಲಿ ಬಾಲಿಕ್ಚಿಯ ಅನಾಥಾಲಯದಿಂದ ತಂದ ಮಗು. ಹೆತ್ತವರು ಯಾರೆಂದು ತಿಳಿದಿಲ್ಲ. ದಾರಿಯುದ್ದಕ್ಕೂ ನಾನೇ ಎತ್ತಿಕೊಂಡಿದ್ದೆ.

ಎರ್ಮೆಕ್ ಅದನ್ನು ಓದಿ, ಮತ್ತೆ ಮೊದಲಿನಿಂದ ಓದಿದ. ಮೂಗಿನಿಂದ ನೀರಿಳಿಯಿತು. ಅವನು ಒರೆಸಿಕೊಳ್ಳಲಿಲ್ಲ.

"ಅಮ್ಮಂಗೂ ಗೊತ್ತಿಲ್ಲ. ಯಾರಿಗೂ ಗೊತ್ತಾಗೋದು ಬೇಡ," ಎಂದಳು ಝಿಬೆಕ್. "ಮೊದಲ್ನೇ ಹಾಳೆ ಕಳಿಸ್ಬಿಡ್ತೀನಿ. ಅದ್ರಲ್ಲೂ ನಿಮ್ಮ ಹೆಸ್ರಿದೆ."

"ಅದ್ರಲ್ಲಿ ಕೊನೇ ಸಾಲಿಲ್ಲ," ಎಂದ ಎರ್ಮೆಕ್.

ಅಣ್ಣನ ಫೋನು ಇಸಕೊಂಡು, ಎರಡನೆಯ ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು ಚಿತ್ರ ತೆಗೆದ. ಮೊದಲ ಚಿತ್ರ ಮಸುಕಾಯಿತು. ಇನ್ನೊಂದು ತೆಗೆದ. ಗುಂಪಿಗೆ ಕಳಿಸಿದ.

ಅಂಗಳದಲ್ಲಿ ಎಲ್ಲರೂ ಕುದುರೆ ಮಾಂಸದ ಮುಂದೆ ಕುಳಿತಿದ್ದರು. ಒಬ್ಬನ ಜೇಬಿನಲ್ಲಿ ಫೋನು ಗುಣುಗಿತು. ಪಕ್ಕದವನದೂ ಗುಣುಗಿತು. ಆಮೇಲೆ ಸಾಲುಸಾಲಾಗಿ. ಜನ ಬೆರಳ ಜಿಡ್ಡನ್ನು ಬಟ್ಟೆಗೆ ಒರೆಸಿಕೊಂಡು ಫೋನು ತೆಗೆದರು. ಈಗಷ್ಟೇ ಮಣ್ಣು ಕೊಟ್ಟು ಬಂದವನ ಹೆಸರು ಪರದೆಯ ಮೇಲೆ ಮೂಡಿತ್ತು. ಅಗಿಯುತ್ತಿದ್ದ ಬಾಯಿಗಳು ನಿಂತವು. ಬಾಕಿ ಉಳಿದಿದ್ದ ಪುಟವನ್ನು ಓದುತ್ತ ಯಾರೂ ತಲೆ ಎತ್ತಲಿಲ್ಲ. ತಟ್ಟೆಗಳಲ್ಲಿ ಕೊಬ್ಬು ತಣ್ಣಗಾಗಿ, ಅಂಚಿನಿಂದ ಬೆಳ್ಳಗೆ ಹೆಪ್ಪುಗಟ್ಟತೊಡಗಿತು.