ಗೋಡೆ ಬದಿಯ ಸಬ್‌ವೂಫರ್

ಸೈಫುಲ್ಲಾ ಸಬ್‌ವೂಫರನ್ನು ಎತ್ತಿ ಸೋಫಾದ ಮೇಲೆ ಕೂರಿಸಿ ಹಾಡು ಹಾಕಿದ. ಮನುಷ್ಯರು ಕೂರುವ ಜಾಗದಲ್ಲಿ ಕೂತ ಕರಿ ಪೆಟ್ಟಿಗೆ ಗುಮ್ಮೆನ್ನುತ್ತಿದ್ದರೆ, ಬೀರೂರಿನಿಂದ ಬಂದ ಆ ಮೆಕ್ಯಾನಿಕ್ ಗೋಡೆಯ ಬದಿಗೇ ಅಂಬೆಗಾಲಿಡುತ್ತಾ ಕಿವಿಗೊಟ್ಟು ಹೊರಟ. ಬಾಸ್, ಅಂದರೆ ಆ ಗುಮ್ಮೆನ್ನುವ ಸದ್ದು, ಎಲ್ಲಿ ಹದವಾಗಿ ಕೇಳುತ್ತದೋ ಪೆಟ್ಟಿಗೆಯನ್ನು ಆಮೇಲೆ ಅಲ್ಲಿಗೇ ಇಳಿಸುವುದು ಅವನ ರೀತಿ. ಐವತ್ತು ದಾಟಿದ ಮನುಷ್ಯ ಮಗುವಿನಂತೆ ಹರಿದಾಡುವುದನ್ನು ಕಂಡು, ಅಡುಗೆಮನೆ ಬಾಗಿಲಲ್ಲಿದ್ದ ಮಾಲಿನಿ ಫಕ್ಕನೆ ನಕ್ಕುಬಿಟ್ಟಳು. ಶಾಲೆಯ ಮೇಷ್ಟ್ರಾದ ಗಂಡ ಗುರುಮೂರ್ತಿ ತಿರುಗಿ ನೋಡಿದ. ಈ ನಗುವಿಗೆ ಇವತ್ತು ಏಟು ಬೀಳುತ್ತದೆಂದು ಅವಳಿಗೆ ಆಗಲೇ ಗೊತ್ತಾಯಿತು.

"ಇಲ್ಲೇ ಮೇಷ್ಟ್ರೇ, ಫಸ್ಟ್ ಕ್ಲಾಸ್," ಎನ್ನುತ್ತಾ ಸೈಫುಲ್ಲಾ ಮಂಡಿ ಒರೆಸಿಕೊಂಡು ಎದ್ದು ಪೆಟ್ಟಿಗೆಯನ್ನು ಅಲ್ಲಿಗೆ ತಂದಿಟ್ಟ. "ಆದ್ರೆ ಇದು ಪಕ್ಕದ ಮನೆ ಗೋಡೆ. ನಿಮ್ಮ ಪುಟ್ಟ ಸ್ಪೀಕರ್ ಸದ್ದು ಇಲ್ಲೇ ಉಳೀತದೆ, ಬಾಸ್ ಹಂಗಲ್ಲ, ಗೋಡೆ ದಾಟ್ತದೆ. ಈ ಬಾಸ್ ತಿರುಪು ಅರ್ಧಕ್ಕೆ ಇಟ್ಟೀನಿ. ಸ್ಪೀಕರಿಗೂ ಪೆಟ್ಟಿಗೆಗೂ ಜೋಡಿ ಚೆಂದಾಗಿ ಕೂಡೈತೆ, ಮುಟ್ಬೇಡಿ."

"ದಾಟ್ಲಿ ಬಿಡಿ ಸಾಬ್ರೇ. ಪಕ್ಕದೋರೂ ಹಾಡು ಕೇಳ್ಲಿ."

ಮೇಷ್ಟ್ರ ಲೆಕ್ಕ ಬೇರೆ ಇತ್ತು. ಅಜ್ಜಂಪುರದ ಆ ಬೀದಿಯಲ್ಲಿ ಅವನನ್ನು ಕಂಡರೆ ಜನ ಕೈಮುಗಿಯುತ್ತಿದ್ದರು. ಹೆಂಡತಿಗೆ ಹೊಡೆಯುವ ಮೊದಲು ಅವನು ತಪ್ಪದೆ ಹಾಡು ಹಾಕುತ್ತಿದ್ದ. ಆದರೆ ಗೇಣುದ್ದದ ಆ ಎರಡು ಸ್ಪೀಕರ್‌ಗಳಿಗೆ ಮಾಲಿನಿಯ ಕೂಗನ್ನು ಮುಚ್ಚುವ ತಾಕತ್ತಿರಲಿಲ್ಲ. ಹೋದ ವಾರ ನಲ್ಲಿಯ ಹತ್ತಿರ ಪಕ್ಕದ ಮನೆಯ ಜವರಮ್ಮ, "ಏನವ್ವಾ, ಕೂಗ್ಕೊಂಡಂಗಾಯ್ತು?" ಎಂದು ಕೇಳಿದ್ದಳು. ಅದಕ್ಕೇ ಈ ಪೆಟ್ಟಿಗೆ ಬಂತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಲ್ಲ, ಓದಿದ ಬೆಕ್ಕು ಅದಕ್ಕೂ ಒಂದು ಮೆಷಿನ್ ತರುತ್ತದೆ.

ಸೈಫುಲ್ಲಾ ಬಸ್ಸಿಗೆ ಹೋದ ಮೇಲೆ ಗುರುಮೂರ್ತಿ ಚಿಲಕ ಹಾಕಿದ. ಹಾಡು ಹಾಕಿ ತಿರುಪನ್ನು ಕೊನೆಯವರೆಗೂ ತಿರುಗಿಸಿದ. ನೆಲ ನಡುಗಿತು.

"ಹೊರಗಿನೋರ ಮುಂದೆ ಹಲ್ಲು ಕಿಸೀತೀಯೇನೇ?"

ಮೊದಲ ಏಟಿಗೇ ಅವಳು ಗೋಡೆಗೆ ಬಡಿದು ಕೆಳಗೆ ಬಿದ್ದಳು. ಮಿಕ್ಕಿದ್ದ ಸ್ಪೀಕರ್ ವೈರನ್ನು ಅವನು ಮಡಚಿ ಕೈಗೆ ಸುತ್ತಿಕೊಂಡ. ಬೆನ್ನಿಗೆ, ತೋಳಿಗೆ, ಮುಖ ಮುಚ್ಚಿಕೊಂಡ ಬೆರಳುಗಳ ಮೇಲೆ ಬಾರಿಸಿದ. ಪಕ್ಕೆಗೆ ಒದ್ದ. ಬಗ್ಗಿ ಅವಳ ಕಿವಿಯಲ್ಲಿ, "ಕೂಗು, ಈಗ ಎಷ್ಟ್ ಬೇಕಾದ್ರೂ ಕೂಗು," ಎಂದ. ಮಾಲಿನಿ ಗಂಟಲು ಹರಿಯುವಂತೆ ಕೂಗಿದಳು. ಆ ಕೂಗು ಅವಳಿಗೇ ಕೇಳಿಸಲಿಲ್ಲ. ಇನ್ನು ತನ್ನ ದನಿ ಈ ಮನೆ ದಾಟುವುದೇ ಇಲ್ಲವೆಂದು ಅವಳಿಗೆ ಏಟಿಗಿಂತ ಹೆಚ್ಚು ಹೆದರಿಕೆಯಾಯಿತು.

ಯಾರೋ ಬಾಗಿಲು ದಡದಡ ಬಡಿದರು. ಗುರುಮೂರ್ತಿ ಅವಳನ್ನು ಅಡುಗೆಮನೆಗೆ ದಬ್ಬಿ, ಹಾಡು ನಿಲ್ಲಿಸಿ, ತಲೆ ಬಾಚಿಕೊಂಡು ಚಿಲಕ ತೆಗೆದ. ಜವರಮ್ಮ ನಿಂತಿದ್ದಳು, ಕೈಯಲ್ಲಿ ಮುದ್ದೆಕೋಲು. ಹಿಂದೆ ಅವಳ ಮಗ ಉಗ್ರಪ್ಪ.

"ಏನ್ ಮೇಷ್ಟ್ರೇ ಇದು? ನಮ್ಮನೆ ಪಾತ್ರೆಯೆಲ್ಲಾ ಉದುರ್ತಾವೆ. ರಾಗಿಹಿಟ್ಟಿನ ಡಬ್ಬ ಬಿದ್ದೋಯ್ತು."

"ತಪ್ಪಾಯ್ತು ಜವರಮ್ಮೋರೇ, ಹೊಸ ಸೆಟ್ಟು. ಇನ್ಮೇಲೆ ಕಮ್ಮಿ ಇಡ್ತೀನಿ."

"ಅಷ್ಟು ಮಾಡಿ ಪುಣ್ಯಾತ್ಮರೇ."

ಅವಳು ತಿರುಗಿದಳು. ಸದ್ದಿಗೆ ಬಂದವರು, ಸದ್ದು ನಿಂತಿತು, ಹೊರಟರು. ಗಂಡಹೆಂಡಿರ ನಡುವೆ ಹೋಗಬಾರದೆನ್ನುವ ಒಳ್ಳೆಯತನಕ್ಕೆ ನಮ್ಮ ಕಡೆ ಬರವಿಲ್ಲ. ಮೆಟ್ಟಿಲಿಳಿಯುವ ಆ ಬೆನ್ನನ್ನು ಮಾಲಿನಿ ಕಂಡಳು. ಈಗ ಹೋದರೆ ಇವರು ಮತ್ತೆ ಬರುವುದಿಲ್ಲ. ಗೋಡೆ ಹಿಡಿದುಕೊಂಡು ಹೊರಗೆ ಬಂದಳು.

"ಜವರಮ್ಮಾ, ನಾನೂ ಬತ್ತೀನಿ."

ಜವರಮ್ಮ ತಿರುಗಿದಳು. ಮಾಲಿನಿಯ ತುಟಿ ಸೀಳಿ ರಕ್ತ ಕುಪ್ಪಸಕ್ಕೆ ಇಳಿದಿತ್ತು. ಗುರುಮೂರ್ತಿ ಅವಳ ಜಡೆ ಹಿಡಿದು ಹಿಂದಕ್ಕೆ ಜಗ್ಗಿದ. ಅವಳ ತಲೆ ಬಾಗಿಲವಾಡಕ್ಕೆ ಬಡಿಯಿತು.

"ಇದು ನಮ್ಮನೆ ವಿಷ್ಯ. ನೀವ್ ನಡೀರಿ."

"ಬಿಡೋ," ಎಂದಳು ಜವರಮ್ಮ. ಮೇಷ್ಟ್ರೇ ಎನ್ನುವುದು ಅಲ್ಲಿಗೆ ಮುಗಿಯಿತು. "ಬಿಡೋ ಅಂದ್ರೆ!"

ಅವನು ಬಿಡಲಿಲ್ಲ. ಮುದ್ದೆಕೋಲು ಅವನ ಮಣಿಕಟ್ಟಿನ ಮೇಲೆ ಬಿತ್ತು. ಮೂಳೆ ಲಟಕ್ಕೆಂದಿತು. ಕೈ ಜಡೆ ಬಿಟ್ಟಿತು. ಆದರೂ ಜವರಮ್ಮ ನಿಲ್ಲಿಸದೆ ಭುಜಕ್ಕೆ, ಮೊಣಕಾಲಿಗೆ ಬಡಿದಳು. ನಲ್ಲಿಯ ಹತ್ತಿರ ಕೇಳಿ ಸುಮ್ಮನಾಗಿದ್ದ ತನ್ನ ಮೇಲಿನ ಸಿಟ್ಟನ್ನೂ ಸೇರಿಸಿ ಬಡಿದಳು. ಅವನು ಕುಸಿದು ಅಳತೊಡಗಿದ ಮೇಲೆ ಉಗ್ರಪ್ಪ ಅವ್ವನ ಕೈ ಹಿಡಿದುಕೊಂಡ.

ಜವರಮ್ಮನ ಮನೆಯ ನೆಲದ ತುಂಬ ಹಿಟ್ಟು ಚೆಲ್ಲಿತ್ತು. ಅದರಲ್ಲೇ ಜಾಗ ಮಾಡಿ ಮಾಲಿನಿಯನ್ನು ಕೂರಿಸಿದರು. ಆಸ್ಪತ್ರೆಗೆ ಹೋಗಲು ಉಗ್ರಪ್ಪ ಆಟೋ ತರಲು ಚಪ್ಪಲಿ ಮೆಟ್ಟುತ್ತಿದ್ದ.

"ನೀರು ಕೊಡೀ!"

ಮಾಲಿನಿ ಗಂಟಲು ಕಿತ್ತುಬರುವಂತೆ ಕೂಗಿದ್ದಳು. ಉಗ್ರಪ್ಪ ಬೆಚ್ಚಿ ನಿಂತ. ಜವರಮ್ಮ ಚೊಂಬು ಹಿಡಿದು ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಮೆಲ್ಲಗೆ ಹೇಳು ತಾಯಿ," ಎಂದಳು. "ಕೇಳಿಸ್ತದೆ."